ಕೆರೆ ಕೋಡಿಯ ಕೆಳಗೆ ಲೇಔಟ್ ಮಾಡಬಹುದಾ?

ಪ್ರಶ್ನೆ: ನಾನು ಆನೇಕಲ್ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿ ಸದಸ್ಯೆ. ನಮ್ಮೂರ ಕೆರೆಯ ಕೆಳಗೆ 14 ಎಕರೆಯಲ್ಲಿ ಲೇಔಟ್ ಮಾಡಬೇಕು ಅಂತ ಒಬ್ಬರು ಬಂದಿದ್ದಾರೆ. 2022ರಲ್ಲಿ ಎರಡು ದಿನ ನೀರು ನಿಂತಿದ್ದು ಬಿಟ್ಟರೆ ಇಪ್ಪತ್ತು ವರ್ಷದಿಂದ ಅಲ್ಲಿ ಏನೂ ಆಗಿಲ್ಲ ಅನ್ನುತ್ತಾರೆ. ಊರಿನ ಹಿರಿಯರು ಮಾತ್ರ ಅದು ಕೋಡಿ ನೀರಿನ ದಾರಿ, ಬೇಡ ಅಂತಾರೆ. ಇನ್ನೊಂದು ವಿಷಯ. ಮನೆ ಇಲ್ಲದ 40 ಕುಟುಂಬಗಳಿಗೆ ನಿವೇಶನ ಕೊಡಲು ಹಳ್ಳದ ಪಕ್ಕದ ಸರ್ಕಾರಿ ಜಾಗವನ್ನು ನೋಡಿದ್ದೇವೆ. ನೆರೆಯ ಅಪಾಯ ಎಷ್ಟಿದೆ ಅಂತ ನಮ್ಮಂಥವರು ತಿಳಿಯುವುದು ಹೇಗೆ? ಇಂಜಿನಿಯರ್ ಹೇಳಿದ್ದನ್ನು ನಂಬಿ ಸಹಿ ಹಾಕಬೇಕಾ?

ಉತ್ತರ: ಮೊದಲು ಒಂದು ಸಮಾಧಾನದ ಮಾತು. ಈ ಪ್ರಶ್ನೆಯನ್ನು ನೀವು ಲೇಔಟ್ ಆಗುವ ಮೊದಲು ಕೇಳಿದ್ದೀರಿ. ನನಗೆ ಬರುವ ಪತ್ರಗಳಲ್ಲಿ ಹೆಚ್ಚಿನವು ಮನೆಗೆ ನೀರು ನುಗ್ಗಿದ ಮೇಲೆ ಬರುತ್ತವೆ. ಆಗ ನಾನು ಹೇಳಬಹುದಾದದ್ದು ತುಂಬಾ ಕಡಿಮೆ.

2022 ಬಿಟ್ಟರೆ "ಇಪ್ಪತ್ತು ವರ್ಷದಿಂದ ಏನೂ ಆಗಿಲ್ಲ" ಎಂಬ ಮಾತು ನಿಜವೇ ಇರಬಹುದು. ಆದರೆ ಅದು ನಿಮ್ಮ ಪ್ರಶ್ನೆಗೆ ಉತ್ತರವಲ್ಲ. ಇಷ್ಟು ದಿನ ಆ ಜಮೀನಿನ ಮೇಲ್ಗಡೆ ಹೊಲ, ನೀಲಗಿರಿ ತೋಪು, ಖಾಲಿ ಜಾಗ ಇತ್ತು. ಮುಂದಿನ ಇಪ್ಪತ್ತು ವರ್ಷ ಅಲ್ಲಿ ಏನಿರುತ್ತದೆ? ನೀರು ಎಲ್ಲಿಂದ ಬರುತ್ತದೆ, ಎಷ್ಟು ಬರುತ್ತದೆ, ಎಲ್ಲಿಗೆ ಹೋಗುತ್ತದೆ, ದಾರಿಯಲ್ಲಿ ಯಾರು ಅಡ್ಡ ನಿಂತಿದ್ದಾರೆ? ಇದನ್ನು ಕೇಳಬೇಕು. ಬರೀ 14 ಎಕರೆಯೊಳಗೆ ನಿಂತು ನೋಡಿದರೆ ಇದು ಗೊತ್ತಾಗುವುದಿಲ್ಲ. ಆ 14 ಎಕರೆಗೆ ನೀರು ಹರಿಸುವ ಜಲಾನಯನವನ್ನೆಲ್ಲ ನೋಡಬೇಕು.

ನಿಮ್ಮ ಭಾಗದ ಭೂಮಿಯ ಗುಣ ಹೇಗಿದೆ ಎಂದರೆ, ಇಲ್ಲಿ ದೊಡ್ಡ ನದಿಯಿಲ್ಲ. ಅದಕ್ಕೇ ಜನ "ನಮಗೆಲ್ಲಿಯ ನೆರೆ" ಅಂದುಕೊಳ್ಳುತ್ತಾರೆ. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರಿಗೂ ಎತ್ತರದ ದಿಣ್ಣೆಯ ಮೇಲೆ ಕೂತಿದೆ. ಬಿದ್ದ ಮಳೆ ನಾಲ್ಕೂ ಕಡೆ ಇಳಿಯುತ್ತದೆ. ಇಳಿಯುವ ದಾರಿಯಲ್ಲಿ ನಮ್ಮ ಹಿಂದಿನವರು ಒಂದರ ಕೆಳಗೆ ಒಂದು ಕೆರೆ ಕಟ್ಟಿದರು. ಮೇಲಿನ ಕೆರೆ ತುಂಬಿದರೆ ಕೋಡಿ ಬಿದ್ದು ಕೆಳಗಿನ ಕೆರೆಗೆ ನೀರು. ಅದು ತುಂಬಿದರೆ ಇನ್ನೂ ಕೆಳಕ್ಕೆ. ಕೋರಮಂಗಲ-ಚಲ್ಲಘಟ್ಟ ಕಣಿವೆಯ ನೀರು ಬೆಳ್ಳಂದೂರು ಕೆರೆಗೆ ಬಂದು, ಅಲ್ಲಿಂದ ವರ್ತೂರು ಕೆರೆಗೆ ಹೋಗಿ, ಕೊನೆಗೆ ದಕ್ಷಿಣ ಪಿನಾಕಿನಿ ಸೇರುವುದು ಹೀಗೆಯೇ. ಈ ಸರಪಳಿಯಲ್ಲಿ ಒಂದು ಕೊಂಡಿ ಕಟ್ಟಿಕೊಂಡರೂ ನೀರು ನಿಲ್ಲುವುದಿಲ್ಲ, ಬೇರೆ ದಾರಿ ಹುಡುಕುತ್ತದೆ. ಬೆಂಗಳೂರಿನ ಕೆಂಪೇಗೌಡ ಬಸ್ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಕಂಠೀರವ ಕ್ರೀಡಾಂಗಣ ಇರುವುದು ಸಂಪಂಗಿ ಕೆರೆಯ ಅಂಗಳದಲ್ಲಿ. ಹೆಸರು ಹೋಯಿತು, ಕೆರೆ ಹೋಯಿತು. ಇಳಿಜಾರು ಮಾತ್ರ ಹಾಗೇ ಇದೆ.

2022ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಹೊರವರ್ತುಲ ರಸ್ತೆ, ಬೆಳ್ಳಂದೂರು, ಸರ್ಜಾಪುರ ರಸ್ತೆಯ ಕಡೆ ಏನಾಯಿತು ಅಂತ ನೀವು ನೋಡಿದ್ದೀರಿ. ಕೋಟಿಗಟ್ಟಲೆ ಬೆಲೆಯ ಮನೆಗಳಿಂದ ಜನರನ್ನು ಟ್ರ್ಯಾಕ್ಟರ್‌ನಲ್ಲಿ, ದೋಣಿಯಲ್ಲಿ ಕರೆತಂದರು. ಅಂದು ರಾತ್ರಿ ನಗರದಲ್ಲಿ ಬಿದ್ದದ್ದು ಸುಮಾರು 130 ಮಿಲಿಮೀಟರ್ ಮಳೆ. ಅದು ಜಾಸ್ತಿಯೇ. ಆದರೆ ಕರಾವಳಿಯಲ್ಲಿ ಒಂದು ಮಳೆಗಾಲಕ್ಕೆ ಹಲವು ಸಲ ಬೀಳುವ ಮಳೆ ಅದು. ಮಳೆಯ ಜೊತೆಗೆ ಎರಡು ಸಂಗತಿ ಸೇರಿಕೊಂಡವು. ವಾರದ ಹಿಂದೆಯೇ ಜೋರು ಮಳೆಯಾಗಿ ಕೆರೆಗಳು ತುಂಬಿದ್ದವು, ಹೊಸ ನೀರಿಗೆ ಜಾಗವಿರಲಿಲ್ಲ. ಕೆರೆಯಿಂದ ಕೆರೆಗೆ ಹೋಗುವ ರಾಜಕಾಲುವೆಗಳು ಕಿರಿದಾಗಿದ್ದವು, ಕೆಲವು ಕಡೆ ಇರಲೇ ಇಲ್ಲ.

ಈಗ ನಿಮ್ಮ ಜಮೀನಿಗೆ ಬರೋಣ. ಮೊದಲ ಕೆಲಸಕ್ಕೆ ದುಡ್ಡೇ ಬೇಡ. ಗ್ರಾಮ ನಕಾಶೆ ತೆಗೆಸಿ. ಹಳೆಯ ನಕಾಶೆಯಲ್ಲಿ ಹಳ್ಳ, ಕಾಲುವೆ, ಕೋಡಿ ದಾರಿ ಎಲ್ಲವನ್ನೂ ಗುರುತು ಮಾಡಿರುತ್ತಾರೆ. ಈಗ ನೆಲದ ಮೇಲೆ ಕಾಣದಿದ್ದರೂ ನಕಾಶೆಯಲ್ಲಿ ಇರುತ್ತದೆ. ಆ 14 ಎಕರೆಯ ಪ್ರತಿ ಸರ್ವೆ ನಂಬರಿನ ಪಹಣಿ ನೋಡಿ. "ಖರಾಬು ಬ" ಎಂದು ಗುಂಟೆಗಳು ಕಾಣಿಸಿದರೆ, ಅದು ಸಾರ್ವಜನಿಕ ಜಾಗ. ರಸ್ತೆ ಇರಬಹುದು, ಹಳ್ಳವೂ ಇರಬಹುದು. ಯಾವುದು ಅಂತ ಸರ್ವೆ ಟಿಪ್ಪಣಿ ಹೇಳುತ್ತದೆ. ಪಹಣಿಯಲ್ಲಿ "ತರಿ" ಅಂತ ಇದ್ದರೆ ಅದು ಒಂದು ಕಾಲಕ್ಕೆ ಕೆರೆ ತೂಬಿನ ನೀರಿನಲ್ಲಿ ಭತ್ತ ಬೆಳೆದ ಅಚ್ಚುಕಟ್ಟು. ನೀರು ತಾನಾಗಿ ಹೋಗಿ ನಿಲ್ಲುವ ಜಾಗದಲ್ಲೇ ನಮ್ಮ ಹಿರಿಯರು ಗದ್ದೆ ಮಾಡಿದ್ದು, ಅಲ್ವಾ? "ಖುಷ್ಕಿ" ಎಂದಿದ್ದರೆ ಸ್ವಲ್ಪ ಎತ್ತರದ ನೆಲ ಎನ್ನಬಹುದು. ಇದೊಂದೇ ಪದದ ಮೇಲೆ ತೀರ್ಮಾನ ಮಾಡಬೇಡಿ. ಆದರೆ ನಾನು ಯಾವ ಜಾಗಕ್ಕೆ ಹೋದರೂ ಮೊದಲು ನೋಡುವುದು ಇದನ್ನೇ. ಸರ್ಕಾರದ ದಿಶಾಂಕ್ ಆ್ಯಪ್‌ನಲ್ಲಿ ಜಾಗದಲ್ಲಿ ನಿಂತೇ ಸರ್ವೆ ನಂಬರಿನ ಗಡಿ ನೋಡಬಹುದು. ಗೂಗಲ್ ಅರ್ಥ್‌ನಲ್ಲಿ ಹಳೆಯ ಉಪಗ್ರಹ ಚಿತ್ರಗಳಿವೆ. ಹಿಂದಿನ ವರ್ಷಗಳಿಗೆ ಹೋಗಿ ನೋಡಿ, ಹಳ್ಳ ಯಾವಾಗ ಮಾಯವಾಯಿತು ಅಂತ ಕಾಣುತ್ತದೆ.

ಎರಡನೇ ಕೆಲಸ ಹಿರಿಯರನ್ನು ಕೇಳುವುದು. ಸುಮ್ನೆ ಅವರ ಅಭಿಪ್ರಾಯ ಕೇಳಬೇಡಿ, ಅಳತೆ ಕೇಳಿ. ಊರಿನಲ್ಲಿ ನೀರುಗಂಟಿ (ಕೆರೆಯ ನೀರು ಬಿಡುವ ಕೆಲಸದವರು) ಮನೆತನದವರು ಇದ್ದರೆ ಅವರನ್ನೇ ಕರೆದುಕೊಂಡು ಹೋಗಿ. ಕೋಡಿ ಬಿದ್ದಾಗ ನೀರು ಯಾವ ಮರದವರೆಗೆ ಬರುತ್ತಿತ್ತು, ಯಾವ ಕಲ್ಲು ಮುಳುಗುತ್ತಿತ್ತು, ಮೊಣಕಾಲುದ್ದವೋ ಸೊಂಟದುದ್ದವೋ, ಎಷ್ಟು ಹೊತ್ತು ನಿಂತಿತ್ತು, ನಿಂತ ನೀರೋ ಹರಿಯುವ ನೀರೋ? ಮನೆಯ ಹೆಂಗಸರನ್ನು ಬೇರೆಯಾಗಿ ಕೇಳಿ. ಯಾವ ರಾತ್ರಿ ಅಕ್ಕಿ ಮೂಟೆಯನ್ನು ಅಟ್ಟಕ್ಕೆ ಏರಿಸಿದೆವು ಅಂತ ಅವರಿಗೆ ಚೆನ್ನಾಗಿ ನೆನಪಿರುತ್ತದೆ. ಒಂದು ಊರಿನಲ್ಲಿ ನಾನು ದುಬಾರಿ ಉಪಕರಣ ಹೊತ್ತು ಮೂರು ದಿನ ಸರ್ವೆ ಮಾಡಿದ್ದೆ. ಆಮೇಲೆ ಒಬ್ಬ ಅಜ್ಜಿ ದನದ ಕೊಟ್ಟಿಗೆಯ ಗೋಡೆಯ ಮೇಲಿದ್ದ ಕೆಸರಿನ ಗೆರೆ ತೋರಿಸಿದರು. ನನ್ನ ಲೆಕ್ಕಕ್ಕೂ ಆ ಗೆರೆಗೂ ಒಂದು ಅಡಿ ವ್ಯತ್ಯಾಸ ಇತ್ತು. ಗೆರೆಯೇ ಸರಿಯಾಗಿತ್ತು. ಕೆಳಗಿನ ಒಂದು ಮೋರಿ ಕಟ್ಟಿಕೊಂಡು ನೀರು ಹಿಂದಕ್ಕೆ ಒತ್ತುತ್ತಿತ್ತು, ನಾನು ಅದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ನಿಮ್ಮ ಬಳಿ 2022ರ ಗುರುತು ಇದೆ. ಅದು ಚಿನ್ನದಂಥ ಮಾಹಿತಿ. ಆ ಎರಡು ದಿನ ನೀರು ಎಲ್ಲಿಯವರೆಗೆ ಇತ್ತು ಎಂಬುದನ್ನು ಹತ್ತು ಕಡೆ ಬಣ್ಣದಲ್ಲಿ ಗುರುತು ಹಾಕಿಸಿ. ಮೇಸ್ತ್ರಿಗಳ ಬಳಿ ಇರುವ ಮಟ್ಟದ ಪೈಪು ಸಾಕು. ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ, ಆ ಗುರುತುಗಳಿಂದ ಜಮೀನಿನ ಬೇರೆ ಬೇರೆ ಜಾಗದ ಎತ್ತರ ಎಷ್ಟು ಅಂತ ಅಳೆಯಬಹುದು. ಇಂಟರ್ನೆಟ್‌ನಲ್ಲಿ ಉಚಿತವಾಗಿ ಸಿಗುವ ಎತ್ತರದ ನಕ್ಷೆಗಳನ್ನು ಇದಕ್ಕೆ ನಂಬಬೇಡಿ. ಇಡೀ ತಾಲ್ಲೂಕಿನ ಇಳಿಜಾರು ನೋಡಲು ಅವು ಒಳ್ಳೆಯವು. ಆದರೆ ಅವುಗಳಲ್ಲಿ ಕೆಲವು ಮೀಟರ್ ತಪ್ಪು ಇರುತ್ತದೆ. ಮನೆಯೊಳಗೆ ನೀರು ಬರುತ್ತದೋ ಇಲ್ಲವೋ ತೀರ್ಮಾನವಾಗುವುದು ಅರ್ಧ ಅಡಿಯಲ್ಲಿ.

2022ರ ಆ ದಿನ ನಿಮ್ಮ ಪಂಚಾಯಿತಿಯಲ್ಲಿ ಎಷ್ಟು ಮಳೆ ಬಿತ್ತು ಎಂಬುದನ್ನೂ ಪತ್ತೆ ಮಾಡಿ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳನ್ನು ಇಟ್ಟಿದೆ. ಪತ್ರ ಬರೆದು ಕೇಳಿ. ಬೇರೆ ಎಷ್ಟೋ ರಾಜ್ಯಗಳ ಹಳ್ಳಿಗಳಿಗೆ ಇಲ್ಲದ ಅನುಕೂಲ ಇದು. ಇಂಥ ಮಳೆಗೆ ಇಲ್ಲಿಯವರೆಗೆ ನೀರು ಬಂತು ಎಂಬ ಒಂದು ಜೋಡಿ ಸಿಕ್ಕರೆ, ಮುಂದಿನ ಎಲ್ಲ ಲೆಕ್ಕವನ್ನೂ ಅದರ ಮೇಲೆ ಒರೆಗೆ ಹಚ್ಚಬಹುದು.

ಮುಂದಿನದು ಸ್ವಲ್ಪ ಗಣಿತ. ದಯವಿಟ್ಟು ಬಿಟ್ಟು ಓದಬೇಡಿ, ಇಡೀ ವಿಷಯ ಇಲ್ಲೇ ಇದೆ. ನಿಮ್ಮ 14 ಎಕರೆಗೆ ನೀರು ಹರಿಸುವ ಮೇಲಿನ ಪ್ರದೇಶ 2 ಚದರ ಕಿಲೋಮೀಟರ್ ಅಂತ ಇಟ್ಟುಕೊಳ್ಳೋಣ. ಒಂದು ಗಂಟೆಯಲ್ಲಿ 50 ಮಿಲಿಮೀಟರ್ ಮಳೆ ಬಿತ್ತು. ಮೇಲೆ ಹೊಲ, ತೋಟ ಇದ್ದರೆ ಹತ್ತು ಪಾಲಿನಲ್ಲಿ ಸುಮಾರು ಮೂರು ಪಾಲು ಹರಿಯುತ್ತದೆ, ಉಳಿದದ್ದು ನೆಲಕ್ಕೆ ಇಂಗುತ್ತದೆ, ತಗ್ಗಿನಲ್ಲಿ ನಿಲ್ಲುತ್ತದೆ. ಆಗ ಕಾಲುವೆಗೆ ಸೆಕೆಂಡಿಗೆ ಸುಮಾರು 8 ಸಾವಿರ ಲೀಟರ್ ನೀರು ಬರುತ್ತದೆ. ಅದೇ ಜಾಗದಲ್ಲಿ ಸಿಮೆಂಟು, ಟಾರು, ತಾರಸಿ ಬಂದರೆ ಎಂಟು ಪಾಲು ಹರಿಯುತ್ತದೆ. ಆಗ ಸೆಕೆಂಡಿಗೆ 22 ಸಾವಿರ ಲೀಟರ್. ಮಳೆ ಅದೇ, ಕಾಲುವೆ ಅದೇ. ನೀರು ಎರಡೂವರೆ ಪಟ್ಟಿಗಿಂತ ಜಾಸ್ತಿ. ಇದರ ನಡುವೆ ಒಂದು ಕೆರೆ ಇದ್ದು, ಅದರಲ್ಲಿ ಜಾಗ ಉಳಿದಿದ್ದರೆ ಏಟು ಸ್ವಲ್ಪ ಕಡಿಮೆಯಾಗುತ್ತದೆ. ಕೆರೆ ಮೊದಲೇ ತುಂಬಿದ್ದರೆ ಆ ಸಹಾಯವೂ ಅಷ್ಟಕ್ಕಷ್ಟೇ.

3 ಮೀಟರ್ ಅಗಲ, ಒಂದೂವರೆ ಮೀಟರ್ ಆಳದ ಕಾಲುವೆಯಲ್ಲಿ ನೀರು ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಹೋದರೆ, ಅದು ಹೊರುವುದು ಸೆಕೆಂಡಿಗೆ 9 ಸಾವಿರ ಲೀಟರ್. ಇವತ್ತಿಗೆ ಸಾಕು. ನಾಳೆಗೆ ಸಾಲದು. ಹೂಳು, ಕಸ ತುಂಬಿ ಅರ್ಧ ಮುಚ್ಚಿದ್ದರೆ ಇವತ್ತಿಗೂ ಸಾಲದು. "ಇಪ್ಪತ್ತು ವರ್ಷದಿಂದ ಏನೂ ಆಗಿಲ್ಲ" ಎಂಬ ಮಾತಿನೊಳಗೆ ಅಡಗಿರುವ ಅಪಾಯ ಇದೇ. ನಿಮ್ಮ ಮೇಲಿನ ಊರುಗಳ ಸರ್ವೆ ನಂಬರ್‌ಗಳಲ್ಲಿ ಎಷ್ಟು ಎಕರೆ ಭೂಪರಿವರ್ತನೆ ಆಗಿದೆ ಎಂದು ತಾಲ್ಲೂಕು ಕಚೇರಿಯಲ್ಲಿ ಕೇಳಿ. ಯೋಜನಾ ಪ್ರಾಧಿಕಾರದ ಮಹಾಯೋಜನೆಯಲ್ಲಿ (ಮಾಸ್ಟರ್ ಪ್ಲಾನ್) ಆ ಜಾಗಕ್ಕೆ ಯಾವ ಬಣ್ಣ ಬಳಿದಿದ್ದಾರೆ ನೋಡಿ. ಹಳದಿ ಇದ್ದರೆ ಅಲ್ಲಿ ಮನೆಗಳು ಬರುತ್ತವೆ. ಲೆಕ್ಕವನ್ನು ಆ ದಿನದ ನೆಲಕ್ಕೆ ಮಾಡಿಸಬೇಕು, ಇವತ್ತಿನ ನೆಲಕ್ಕಲ್ಲ.

"ನೂರು ವರ್ಷಕ್ಕೊಮ್ಮೆ ಬರುವ ನೆರೆ" ಎಂಬ ಮಾತನ್ನು ಇಂಜಿನಿಯರ್‌ಗಳು ಹೇಳುತ್ತಾರೆ. ಇದರಿಂದ ಆಗಿರುವ ತಪ್ಪು ತಿಳಿವಳಿಕೆ ಅಷ್ಟಿಷ್ಟಲ್ಲ. ಒಮ್ಮೆ ಬಂತು, ಇನ್ನು ನೂರು ವರ್ಷ ನಿಶ್ಚಿಂತೆ ಅಂತ ಅದರ ಅರ್ಥವಲ್ಲ. ಪ್ರತಿ ವರ್ಷವೂ ನೂರಕ್ಕೆ ಒಂದು ಪಾಲು ಸಾಧ್ಯತೆ ಇದೆ ಎಂದಷ್ಟೇ ಅರ್ಥ. ಒಬ್ಬರು ಮನೆ ಕಟ್ಟಿ 30 ವರ್ಷ ಬಾಳಿದರೆ ಆ ಅವಧಿಯಲ್ಲಿ ಒಮ್ಮೆಯಾದರೂ ಅದು ಬರುವ ಸಾಧ್ಯತೆ ನೂರಕ್ಕೆ 26. ಕಾಲು ಭಾಗಕ್ಕಿಂತ ಜಾಸ್ತಿ. 25 ವರ್ಷಕ್ಕೊಮ್ಮೆ ಬರುವ ನೆರೆಯಾದರೆ 30 ವರ್ಷದಲ್ಲಿ ನೂರಕ್ಕೆ 71. ನಮ್ಮಲ್ಲಿ ಮಳೆನೀರಿನ ಚರಂಡಿಗಳನ್ನು ಸಾಮಾನ್ಯವಾಗಿ 2ರಿಂದ 5 ವರ್ಷಕ್ಕೊಮ್ಮೆ ಬರುವ ಮಳೆಗೆ ಲೆಕ್ಕ ಹಾಕಿ ಕಟ್ಟುತ್ತಾರೆ. ರಸ್ತೆಯಲ್ಲಿ ಒಂದು ಗಂಟೆ ನೀರು ನಿಲ್ಲುವುದಕ್ಕೆ ಅದು ಸರಿ. ಮನೆಯ ನೆಲದ ಮಟ್ಟವನ್ನು ಅದರಿಂದ ತೀರ್ಮಾನಿಸಲು ಬರುವುದಿಲ್ಲ. ಲೇಔಟ್‌ನವರು "ಡ್ರೈನೇಜ್ ಡಿಸೈನ್ ಮಾಡಿಸಿದ್ದೇವೆ" ಎಂದಾಗ, ಎಷ್ಟು ವರ್ಷಕ್ಕೊಮ್ಮೆ ಬರುವ ಮಳೆಗೆ ಅಂತ ಕೇಳಿ. ಈ ಒಂದು ಪ್ರಶ್ನೆಗೆ ಸಿಗುವ ಉತ್ತರದಿಂದಲೇ ಅವರು ಎಷ್ಟು ಗಂಭೀರವಾಗಿದ್ದಾರೆ ಅಂತ ಗೊತ್ತಾಗುತ್ತದೆ.

ಬಫರ್, ಅಂದರೆ ಕೆರೆ, ಕಾಲುವೆಯ ಪಕ್ಕ ಏನೂ ಕಟ್ಟದೆ ಬಿಡುವ ಜಾಗ, ಬಿಟ್ಟಿದ್ದೇವೆ ಅಂತ ಅವರು ಹೇಳಬಹುದು. ಬೆಂಗಳೂರಿನ 2015ರ ಮಹಾಯೋಜನೆಯಲ್ಲಿ ಕೆರೆಗೆ 30 ಮೀಟರ್, ದೊಡ್ಡ ರಾಜಕಾಲುವೆಗೆ 50, ನಂತರದವುಗಳಿಗೆ 25 ಮತ್ತು 15 ಮೀಟರ್ ಇತ್ತು. 2016ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕೆರೆಯ ಬಫರನ್ನು 75 ಮೀಟರಿಗೆ ಏರಿಸಿತು. 2019ರಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ನಿಮ್ಮ ಜಾಗಕ್ಕೆ ಇವತ್ತು ಯಾವ ನಿಯಮ ಅನ್ವಯಿಸುತ್ತದೆ ಎಂದು ಪ್ರಾಧಿಕಾರದಿಂದ ಬರಹದಲ್ಲಿ ಪಡೆಯಿರಿ. ಆದರೆ ಒಂದು ಮಾತು ನೆನಪಿಡಿ. ಬಫರ್ ಎಂಬುದು ಕಾನೂನಿನ ಕನಿಷ್ಠ ಗೆರೆ. ನೀರು ಬರುವ ಗೆರೆ ಅಲ್ಲ. ಕಡಿದಾದ ಜಾಗದಲ್ಲಿ 15 ಮೀಟರ್ ದೂರವೇ ಧಾರಾಳವಾಗಬಹುದು. ನಿಮ್ಮಂಥ ಸಮತಟ್ಟಾದ ಗದ್ದೆ ಬಯಲಿನಲ್ಲಿ 100 ಮೀಟರ್ ದೂರವೂ ಸಾಲದಿರಬಹುದು.

ಇನ್ನೊಂದು ಉತ್ತರವೂ ಬರುತ್ತದೆ: "ಮಣ್ಣು ತುಂಬಿಸಿ ಎತ್ತರ ಮಾಡುತ್ತೇವೆ." ನನಗೆ ಅತಿ ಹೆಚ್ಚು ಆತಂಕ ತರುವ ಮಾತು ಇದು. 14 ಎಕರೆಯಲ್ಲಿ ಅರ್ಧ ಮೀಟರ್ ನೀರು ನಿಂತರೆ ಅದು ಸುಮಾರು 2 ಕೋಟಿ 80 ಲಕ್ಷ ಲೀಟರ್. ಅಲ್ಲಿ ಮಣ್ಣು ತುಂಬಿಸಿದರೆ ಆ ನೀರು ಆವಿಯಾಗಿ ಹೋಗುತ್ತದಾ? ಪಕ್ಕದವರ ಹೊಲಕ್ಕೆ, ಕೆಳಗಿನ ಕೇರಿಗೆ, ಶಾಲೆಯ ಅಂಗಳಕ್ಕೆ ಹೋಗುತ್ತದೆ. ಲೇಔಟ್ ಕೊಂಡವರು ಒಣಗಿರುತ್ತಾರೆ, ನೂರು ವರ್ಷದಿಂದ ಅಲ್ಲಿದ್ದವರು ಮುಳುಗುತ್ತಾರೆ. ತುಂಬಿಸಲೇಬೇಕು ಎಂದಾದರೆ, ಅಷ್ಟೇ ನೀರು ಹಿಡಿಯುವ ಜಾಗವನ್ನು ಅದೇ ಮಟ್ಟದಲ್ಲಿ ಬೇರೆ ಕಡೆ ತೋಡಿ ಕೊಡಬೇಕು. ಲೇಔಟ್‌ನಿಂದ ಸೆಕೆಂಡಿಗೆ ಹೊರಗೆ ಹೋಗುವ ನೀರಿನ ಪ್ರಮಾಣ ಮೊದಲಿಗಿಂತ ಜಾಸ್ತಿ ಆಗಬಾರದು. ಈ ಎರಡು ಷರತ್ತಿಗೆ ಲೆಕ್ಕ ತೋರಿಸದಿದ್ದರೆ ಒಪ್ಪಬೇಡಿ.

ಕೆರೆಯನ್ನೂ ಒಮ್ಮೆ ಹತ್ತಿ ನೋಡಿ. ಏರಿಯ ಮೇಲೆ ನಡೆದು ಹೋಗಿ. ಬಿರುಕು, ಇಲಿ ಬಿಲ, ದೊಡ್ಡ ಮರದ ಬೇರು, ಕೆಳಬದಿಯಲ್ಲಿ ಸೋರುವ ತೇವ ಇದೆಯಾ? ಕೋಡಿಯ ಮಟ್ಟವನ್ನು ಯಾರಾದರೂ ಏರಿಸಿದ್ದಾರಾ? ಜಾಸ್ತಿ ನೀರು ನಿಲ್ಲಲಿ ಎಂದು ಒಳ್ಳೆಯ ಮನಸ್ಸಿನಿಂದಲೇ ಕೋಡಿಗೆ ಎರಡು ಸಾಲು ಕಲ್ಲು ಕಟ್ಟಿರುತ್ತಾರೆ. ಮೀನು ಹೋಗದಿರಲಿ ಎಂದು ಬಲೆ ಹಾಕಿರುತ್ತಾರೆ, ಮಳೆಯಲ್ಲಿ ಅದಕ್ಕೆ ಜೊಂಡು, ಪ್ಲಾಸ್ಟಿಕ್ ಸಿಕ್ಕಿಕೊಂಡು ಗೋಡೆಯೇ ಆಗುತ್ತದೆ. ಆಗ ನೀರು ಏರಿಯ ಮೇಲಿನಿಂದ ಉಕ್ಕುತ್ತದೆ. ಮಣ್ಣಿನ ಏರಿ ಅದನ್ನು ತಡೆಯುವುದಿಲ್ಲ. ಕೋಡಿ ಬೀಳುವುದು ಬೇರೆ, ಏರಿ ಒಡೆಯುವುದು ಬೇರೆ. ಮೊದಲನೆಯದರಲ್ಲಿ ನಿಮಗೆ ಗಂಟೆಗಳ ಸಮಯ ಸಿಗುತ್ತದೆ. ಎರಡನೆಯದರಲ್ಲಿ ನಿಮಿಷಗಳು. ಕೆರೆ ಏರಿಯ ನೇರ ಕೆಳಗೆ ಮನೆ ಬೇಡ ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಎಲ್ಲ ಸೇರಿಸಿ ಒಂದು ನಕ್ಷೆ ಮಾಡಿಸಿ. ನೀರು ಎಷ್ಟು ಆಳ ಬರುತ್ತದೆ, ಎಷ್ಟು ವೇಗದಲ್ಲಿ ಬರುತ್ತದೆ ಎಂಬ ಎರಡೂ ಅದರಲ್ಲಿ ಇರಬೇಕು. ನಿಂತ ನೀರು ಮೊಣಕಾಲುದ್ದ ಇದ್ದರೆ ಸಾಮಾನು ಹಾಳಾಗುತ್ತದೆ. ಅದೇ ಆಳದ ನೀರು ರಭಸದಿಂದ ಹರಿದರೆ ದೊಡ್ಡವರನ್ನೂ ಕೆಡವುತ್ತದೆ. ಎರಡು ಅಡಿ ಹರಿಯುವ ನೀರು ಹೆಚ್ಚಿನ ಕಾರುಗಳನ್ನು ತೇಲಿಸಿಕೊಂಡು ಹೋಗುತ್ತದೆ. ರಭಸದ ದಾರಿಯಲ್ಲಿ ಏನೂ ಕಟ್ಟಬಾರದು, ಕಾಂಪೌಂಡ್ ಗೋಡೆ ಕೂಡ. ನಿಂತು ಇಳಿಯುವ ಜಾಗದಲ್ಲಿ ಆಟದ ಬಯಲು, ತೋಪು, ಸಂತೆ ಮಾಳ ಇಡಬಹುದು. ಎಂದೋ ಒಮ್ಮೆ ಅಲ್ಪಸ್ವಲ್ಪ ನೀರು ಬರುವ ಅಂಚಿನಲ್ಲಿ ಮನೆ ಕಟ್ಟಬಹುದು. ಆದರೆ ನೆಲಹಾಸು 2022ರ ಗುರುತಿಗಿಂತ ಎರಡು ಅಡಿಯಾದರೂ ಮೇಲಿರಬೇಕು, ಹೊರಬರುವ ರಸ್ತೆಯೂ ಮುಳುಗಬಾರದು. ಇದು ನನ್ನ ರೂಢಿ. ಶಾಲೆ, ಅಂಗನವಾಡಿ, ಆಸ್ಪತ್ರೆ, ವಿದ್ಯುತ್ ಟ್ರಾನ್ಸ್‌ಫಾರ್ಮರ್ ಆ ಅಂಚಿನಲ್ಲೂ ಬೇಡ. ಇಂಗ್ಲೆಂಡಿನಲ್ಲಿ ಯೋಜನಾ ಅನುಮತಿ ಕೊಡುವಾಗ ಮೊದಲು ಕೇಳುವುದು, ಇದಕ್ಕಿಂತ ಕಡಿಮೆ ಅಪಾಯದ ಜಾಗ ಬೇರೆ ಇದೆಯೇ ಅಂತ. ಇಲ್ಲ ಎಂದು ತೋರಿಸಿದ ಮೇಲೆ ಮಾತ್ರ ಕಟ್ಟಡದ ವಿನ್ಯಾಸದ ಮಾತು. ನಮ್ಮಲ್ಲಿ ನೆರೆ ಬಯಲನ್ನು ವಲಯ ಮಾಡುವ ಮಾದರಿ ಮಸೂದೆಯನ್ನು ಕೇಂದ್ರ 1975ರಲ್ಲೇ ರಾಜ್ಯಗಳಿಗೆ ಕಳಿಸಿತ್ತು. ಮಣಿಪುರ, ರಾಜಸ್ಥಾನ, ಉತ್ತರಾಖಂಡದಂಥ ಕೆಲವು ರಾಜ್ಯಗಳು ಮಾತ್ರ ಅದನ್ನು ಕಾಯ್ದೆ ಮಾಡಿಕೊಂಡವು. ಕಾಯ್ದೆಗೆ ಕಾಯದೆ ಪಂಚಾಯಿತಿಯೂ ಇದೇ ಕ್ರಮವನ್ನು ಪಾಲಿಸಬಹುದು.

ಈಗ ಆ 40 ಕುಟುಂಬಗಳು. ಇದರ ಬಗ್ಗೆ ನಿಮ್ಮ ಪತ್ರದಲ್ಲಿ ಎರಡೇ ಸಾಲು ಇತ್ತು. ನನ್ನ ಮನಸ್ಸಿನಲ್ಲಿ ಉಳಿದದ್ದು ಅದೇ. ಹಳ್ಳದ ಪಕ್ಕದ ಸರ್ಕಾರಿ ಜಾಗ ಖಾಲಿ ಉಳಿದಿರುವುದು ಯಾಕೆ? ಯಾರಿಗೂ ಬೇಡವಾಗಿದ್ದರಿಂದ. ಯಾರಿಗೂ ಬೇಡವಾದದ್ದು ನೀರು ಬರುತ್ತದೆ ಎಂಬ ಕಾರಣಕ್ಕೇ ಇರಬಹುದು. ಲೇಔಟ್‌ನಲ್ಲಿ ನೀರು ನುಗ್ಗಿದರೆ ಕಾರು ಕೆಡುತ್ತದೆ, ವಿಮೆ ಇರುತ್ತದೆ, ಇನ್ನೊಂದು ಕಡೆ ಬಾಡಿಗೆಗೆ ಹೋಗಬಹುದು. ಇವರ ಮನೆಗೆ ನೀರು ಬಂದರೆ ರೇಷನ್, ಮಕ್ಕಳ ಪುಸ್ತಕ, ಹೊಲಿಗೆ ಯಂತ್ರ, ಕಾಗದ ಪತ್ರ ಎಲ್ಲವೂ ಒಂದೇ ರಾತ್ರಿಗೆ ಹೋಗುತ್ತದೆ. ಒಂದೇ ಆಳದ ನೀರು ಎರಡು ಮನೆಗೆ ಒಂದೇ ಅಪಾಯವಲ್ಲ. ಅಪಾಯ ಅಳೆಯುವಾಗ ಇದನ್ನು ಲೆಕ್ಕಕ್ಕೆ ಸೇರಿಸದಿದ್ದರೆ ಅಳತೆಯೇ ತಪ್ಪು.

ಹಾಗಂತ ಅವರನ್ನು ಊರಿನಿಂದ ಮೂರು ಮೈಲಿ ದೂರದ ಗುಡ್ಡಕ್ಕೆ ಹಾಕಬೇಡಿ. 2009ರ ನೆರೆಯ ನಂತರ ಉತ್ತರ ಕರ್ನಾಟಕದಲ್ಲಿ "ಆಸರೆ" ಯೋಜನೆಯಡಿ ಎತ್ತರದ ಜಾಗಗಳಲ್ಲಿ ಹೊಸ ಊರುಗಳನ್ನು ಕಟ್ಟಿದರು. ಉದ್ದೇಶ ಒಳ್ಳೆಯದೇ. ಆದರೆ ಹೊಲ ದೂರ, ದನ ಕಟ್ಟಲು ಜಾಗವಿಲ್ಲ ಎಂದು ಎಷ್ಟೋ ಕಡೆ ಜನ ಹಳೆಯ ಊರಿಗೇ ಮರಳಿದರು. 2019ರ ಆಗಸ್ಟ್‌ನಲ್ಲಿ ಮಲಪ್ರಭಾ, ಘಟಪ್ರಭಾ, ಕೃಷ್ಣಾ ಉಕ್ಕಿದಾಗ ಹೊಳೆಸಾಲಿನ ಊರುಗಳು ಮತ್ತೆ ಮುಳುಗಿದವು. ಜಾಗ ಒಣಗಿದ್ದರೆ ಸಾಲದು, ಬದುಕಲು ಆಗಬೇಕು. ಊರಿಗೆ ಅಂಟಿಕೊಂಡ ಖುಷ್ಕಿ ಜಮೀನು ಎಲ್ಲಿದೆ ನೋಡಿ. ಲೇಔಟ್‌ನವರ ಹತ್ತಿರವೇ ಎತ್ತರದ ಕಡೆ ಬೇರೆ ಜಮೀನು ಇದ್ದರೆ ಅದಲು ಬದಲಿನ ಮಾತು ಜಿಲ್ಲಾಡಳಿತದ ಮುಂದೆ ಎತ್ತಿ. ಆ ಕುಟುಂಬಗಳನ್ನೇ ಕರೆದುಕೊಂಡು ಹೋಗಿ ಜಾಗ ತೋರಿಸಿ, ಬೇಡ ಎಂದರೆ ಯಾಕೆ ಎಂದು ಕೇಳಿ.

ಸಹಿಯ ವಿಷಯ. ಭೂಪರಿವರ್ತನೆ ಜಿಲ್ಲಾಧಿಕಾರಿಗಳದ್ದು, ಲೇಔಟ್ ನಕ್ಷೆಯ ಅನುಮೋದನೆ ಯೋಜನಾ ಪ್ರಾಧಿಕಾರದ್ದು. ಪಂಚಾಯಿತಿ ಒಂದೇ ತಡೆಯಲಾರದು ನಿಜ. ಆದರೆ ಸಭೆಯ ನಿರ್ಣಯ ದಾಖಲೆಯಾಗಿ ಉಳಿಯುತ್ತದೆ. "ವಿರೋಧವಿದೆ" ಎಂದು ಬರೆದರೆ ಅದು ಕಡತದಲ್ಲಿ ಮಲಗುತ್ತದೆ. ಗ್ರಾಮ ನಕಾಶೆಯ ಪ್ರತಿ, 2022ರ ಗುರುತುಗಳ ಫೋಟೋ, ಮಟ್ಟದ ಅಳತೆ, ಮಳೆಯ ಅಂಕಿ ಲಗತ್ತಿಸಿ. ಜಲಾನಯನದ ಪೂರ್ತಿ ಅಧ್ಯಯನ ಆಗುವವರೆಗೆ ಅನುಮೋದನೆ ಬೇಡ ಎಂದು ಕಾರಣ ಸಮೇತ ಬರೆದರೆ, ಮುಂದಿನ ಅಧಿಕಾರಿ ಅದನ್ನು ಬದಿಗಿಡುವುದು ಸುಲಭವಲ್ಲ. ಇಂಜಿನಿಯರ್ ವರದಿ ಕೊಟ್ಟರೆ ಮೂರು ವಿಷಯ ಹುಡುಕಿ: ಮಳೆಯ ಅಂಕಿ ಎಲ್ಲಿಯದು, ಮೇಲಿನ ಭೂಮಿ ಪೂರ್ತಿ ಮನೆಗಳಾದ ಮೇಲಿನ ಲೆಕ್ಕವೇ, 2022ರ ಗುರುತಿಗೆ ಆ ಲೆಕ್ಕ ಹೊಂದುತ್ತದೆಯೇ. ಮೂರನೆಯದು ಇಲ್ಲದಿದ್ದರೆ ಸಹಿ ಹಾಕಬೇಡಿ.

ನಿಮ್ಮ ವಿವರ ಕೇಳಿದರೆ ಆ 14 ಎಕರೆಯಲ್ಲಿ ಕೋಡಿ ದಾರಿಯ ಕಡೆಯ ಭಾಗ ಮನೆಗಳಿಗೆ ಆಗುವುದಿಲ್ಲ ಎಂದೇ ನನಗೆ ಅನಿಸುತ್ತದೆ. ಎತ್ತರದ ಕಡೆ ಸ್ವಲ್ಪ ಜಾಗ ಆಗಬಹುದು. ಅಳತೆ ಕೈಗೆ ಬಂದರೆ ಗೆರೆ ಎಲ್ಲಿ ಎಳೆಯಬೇಕು ಎಂದು ಹೇಳಬಹುದು. ಈ ಹಿಂಗಾರಿನಲ್ಲಿ ಕೋಡಿ ಬಿದ್ದರೆ ಇಬ್ಬರು ಹುಡುಗರನ್ನು ಎತ್ತರದ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಅರ್ಧ ಗಂಟೆಗೊಮ್ಮೆ ಒಂದೇ ಕಡೆಯಿಂದ ಫೋಟೋ ತೆಗೆಸಿ. ನೀರಿಗೆ ಮಾತ್ರ ಯಾರೂ ಇಳಿಯಬಾರದು. ಫೋಟೋಗಳನ್ನೂ ಗ್ರಾಮ ನಕಾಶೆಯನ್ನೂ ಕಳಿಸಿ, ಕೂತು ನೋಡೋಣ.